ಜೀರ್ಣವಿಮಾನಗಳ ರಕ್ಷಣೆ

ಒಡೆದ ಮಡಕೆಯನ್ನು ಯಾರೂ ಕಾಪಾಡಿ ಇಡುವುದಿಲ್ಲ. ಶಿಥಿಲವಾದ ದೇವಾಲಯಕ್ಕಾದರೋ ಜೀರ್ಣೋದ್ಧಾರವನ್ನು ಮಾಡಿಸುವರು. ಎರಡೂ ಮನುಷ್ಯನ ಕೈಯಿಂದಾದ ವಸ್ತುಗಳೇ. ಆದರೂ ಒಂದನ್ನು ತಿಪ್ಪೆಗೆ ಎಸೆದು ಇನ್ನೊಂದಕ್ಕಾಗಿ ಧನವನ್ನೂ ಶ್ರಮವನ್ನೂ ವ್ಯಯ ಮಾಡುವುದರಲ್ಲಿ ಲೋಕವು ಒಂದು ಭೇದವನ್ನು ಕಾಣುತ್ತಿರುವುದು ಸ್ಪಷ್ಟವಾಗಿದೆ. ಹಾಗಾದರೆ ಹಾರಾಟವನ್ನು ನಿಲ್ಲಿಸಿದ ಹಳೆಯ ವಿಮಾನವು ಮಡಕೆಯ ಪಂಗಡಕ್ಕೆ ಸೇರಿದುದೋ ದೇವಾಲಯದ ಪಂಗಡಕ್ಕೋ? ಇದು ವಿನೋದದ ಪ್ರಶ್ನೆಯಲ್ಲ. ವಯಸ್ಸಾದ ವಿಮಾನಿಗಳು ಸಂಘ ಕಟ್ಟಿಕೊಂಡು, ತಾವು ಯೌವನದಲ್ಲಿ ನಡೆಸಿದ ಯಂತ್ರಗಳನ್ನು ಗುಜರಿಯಿಂದ ಬಿಡಿಸಿ ರಕ್ಷಿಸುವ ಕಾರ್ಯವು ಅನೇಕ ದೇಶಗಳಲ್ಲಿ ನಡೆದಿದೆ. ಆ ಕಾರ್ಯದಲ್ಲಿ ಪ್ರಾಣಗಳೂ ಹೋಗಿವೆ. ಪ್ರಾಣವನ್ನು ಬೇಡುವ ಕಾರ್ಯವು ಧರ್ಮವೋ ವ್ಯಾಮೋಹವೋ ಎಂಬುದನ್ನು ವಿಚಾರಿಸಲೇಬೇಕು.

ಮೊದಲು ಪೂರ್ವಪಕ್ಷವನ್ನು ನೋಡೋಣ. ಯಂತ್ರವು ಉಪಯೋಗಕ್ಕಾಗಿ ಹುಟ್ಟಿದುದು. ಉಪಯೋಗ ತೀರಿದ ಮೇಲೆ ಅದು ಬರಿಯ ಲೋಹ. ಅದರಲ್ಲಿಯೂ ಯುದ್ಧವಿಮಾನವು ಕೊಲ್ಲುವುದಕ್ಕಾಗಿಯೇ ಆದ ಸಾಧನ. ಅದನ್ನು ಒರೆಸಿ ಬಣ್ಣ ಬಳಿದು ನಿಲ್ಲಿಸಿದರೆ ಮಕ್ಕಳಿಗೆ ಹಿಂಸೆಯಲ್ಲಿ ಆದರವು ಹುಟ್ಟುವುದಲ್ಲದೆ ಬೇರೆ ಫಲವೇನು? ಹಸಿದವರಿರುವ ನಾಡಿನಲ್ಲಿ ಅಷ್ಟು ದ್ರವ್ಯವನ್ನು ಹಳೆಯ ಕಬ್ಬಿಣಕ್ಕೆ ಸುರಿಯುವುದು ನ್ಯಾಯವೇ? ವೃದ್ಧನು ತನ್ನ ಕಳೆದ ಯೌವನವನ್ನು ಯಂತ್ರದಲ್ಲಿ ಕಂಡು ಮರುಗುವುದು ಸಹಜ. ಆದರೆ ಆ ಮರುಕಕ್ಕೆ ಪರಂಪರೆಯೆಂಬ ದೊಡ್ಡ ಹೆಸರನ್ನು ಇಡಬಾರದು. ಈ ಆಕ್ಷೇಪವು ಬಲವುಳ್ಳದ್ದು. ಇದನ್ನು ಹಗುರಾಗಿ ತಳ್ಳುವಂತಿಲ್ಲ.

ಆದರೆ ಈ ವಾದವು ಯಂತ್ರವನ್ನು ಮಾತ್ರ ನೋಡಿತು, ಯಂತ್ರದ ಹಿಂದಿರುವ ಋಣವನ್ನು ನೋಡಲಿಲ್ಲ. ಅತನೂರಿನ ಹೊಲದಲ್ಲಿ ಜೋಳ ಬಿತ್ತುವವನಿಗೆ ವಿಮಾನವು ತನಗೆ ಸಂಬಂಧವಿಲ್ಲದ ವಸ್ತುವೆಂದು ತೋರಬಹುದು. ಇತಿಹಾಸವು ಬೇರೆ ಮಾತನ್ನು ಹೇಳುತ್ತದೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ, ಅಂದರೆ ಕಲಬುರ್ಗಿಯ ಸೀಮೆಯು ಹೈದರಾಬಾದು ಸಂಸ್ಥಾನದಲ್ಲಿದ್ದಾಗ, ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಬ್ರಿಟಿಷರ ವಾಯುಪಡೆಯ 110ನೆಯ ದಳಕ್ಕೆ ವಿಮಾನಗಳನ್ನು ಕಾಣಿಕೆಯಾಗಿ ಕೊಟ್ಟರು. ಆ ದಳಕ್ಕೆ ಹೈದರಾಬಾದಿನ ಹೆಸರೇ ನಿಂತಿತು. ಆ ಡಿ.ಎಚ್. 9-ಎ ವಿಮಾನಗಳಲ್ಲಿ ಎಫ್-1010 ಎಂಬುದು 1918ರ ಅಕ್ಟೋಬರಿನಲ್ಲಿ ಜರ್ಮನರ ಕೈಸೇರಿ, ಬರ್ಲಿನ್ನಿನ ಸಂಗ್ರಹಾಲಯದಲ್ಲಿ ಇದ್ದು, ಎರಡನೆಯ ಯುದ್ಧದ ತರುವಾಯ ಪೋಲೆಂಡಿನಲ್ಲಿ ಉಳಿದು, 1977ರಲ್ಲಿ ಮರಳಿ ಲಂಡನ್ನಿನ ವಾಯುಸೇನಾ ಸಂಗ್ರಹಾಲಯವನ್ನು ಸೇರಿತು. ಅದರ ಮೈಮೇಲೆ ನಿಜಾಮರ ಕಾಣಿಕೆಯೆಂಬ ಬರಹವಿದೆ. ಆದರೆ ಅರಸನ ಬೊಕ್ಕಸಕ್ಕೆ ಕಂದಾಯ ತೆತ್ತ ರೈತನ ಹೆಸರು ಅಲ್ಲಿಲ್ಲ. ವಿಮಾನವು ಉಳಿದುದರಿಂದಲೇ ಈ ಪ್ರಶ್ನೆಯನ್ನು ಇಂದು ಕೇಳಲು ಸಾಧ್ಯವಾಯಿತು. ವಸ್ತುವು ಅಳಿದಿದ್ದರೆ ದಾನಿಯ ಹೆಸರಿನೊಡನೆ ತೆತ್ತವನ ಋಣವೂ ಅಳಿಯುತ್ತಿತ್ತು. ಯುದ್ಧವಿಮಾನವು ಹಿಂಸೆಯಲ್ಲಿ ಆದರವನ್ನು ಹುಟ್ಟಿಸುವುದೆಂಬ ಆಕ್ಷೇಪಕ್ಕೂ ಇದೇ ಉತ್ತರ: ಲೆಕ್ಕವನ್ನು ಪೂರ್ಣವಾಗಿ ಹೇಳಿದರೆ ಅದು ಪ್ರಶ್ನೆಯನ್ನು ಹುಟ್ಟಿಸುವುದು, ಅರ್ಧ ಹೇಳಿದರೆ ಮಾತ್ರ ಮದವನ್ನು ಹುಟ್ಟಿಸುವುದು.

ಋಣಕ್ಕಿಂತಲೂ ಸೂಕ್ಷ್ಮವಾದುದು ವಿದ್ಯೆ. ಎರಡನೆಯ ಮಹಾಯುದ್ಧವು ಮುಗಿದಾಗ ಲಿಬರೇಟರ್ ಎಂಬ ನಾಲ್ಕು ಎಂಜಿನುಗಳ ಭಾರಿ ವಿಮಾನಗಳನ್ನು ಕಾನಪುರದ ಮೈದಾನದಲ್ಲಿ, ಇನ್ನಾರಿಗೂ ಉಪಯೋಗವಾಗದಂತೆ ಕೆಡಿಸಿ ಬಿಟ್ಟಿದ್ದರು. ಬೆಂಗಳೂರಿನಲ್ಲಿ 1940ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರಕಾರದ ಸಹಾಯದಿಂದ ಸ್ಥಾಪಿಸಿದ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರಖಾನೆಯ ಕೆಲಸಗಾರರು 1948ರಲ್ಲಿ ಆ ಹಾಳುಬಿದ್ದ ರಾಶಿಗೆ ಕೈಹಚ್ಚಿದರು. ಒಂದರ ಅಂಗವನ್ನು ಇನ್ನೊಂದಕ್ಕೆ ಕೂಡಿಸಿ, ಹೇಗೋ ಹಾರುವಷ್ಟಕ್ಕೆ ತಂದರು. ಜಮಶೇದ್ ಮುನ್ಶಿಯವರು ಅವುಗಳನ್ನು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಪೂರ್ಣವಾಗಿ ದುರಸ್ತಿಗೊಂಡ ಈ ವಿಮಾನಗಳು 1968ರ ವರೆಗೆ ಭಾರತದ ವಾಯುಸೇನೆಯಲ್ಲಿ ದುಡಿದವು. ತರುವಾಯ ಅವುಗಳಲ್ಲಿ ಕೆಲವು ಬ್ರಿಟನ್, ಅಮೆರಿಕ, ಕೆನಡಾಗಳ ಸಂಗ್ರಹಾಲಯಗಳಿಗೆ ಹೋದವು. ಕೆಡಿಸಿ ಬಿಟ್ಟುಹೋದವರ ಕಡೆಯ ಜನರೇ ಅವುಗಳನ್ನು ಇಂದು ಜೋಪಾನ ಮಾಡುತ್ತಿರುವರು. ಆ ಸಂಗ್ರಹಾಲಯಗಳಿಗೆ ಬೆಂಗಳೂರಿನಿಂದ ಹೋದುದು ಲೋಹವು. ಹೋಗದೆ ಉಳಿದುದು ಸರಿಪಡಿಸಿದ ಕೈಗಳ ಅರಿವು. ಆ ಕೈಗಳವರು ಒಬ್ಬೊಬ್ಬರಾಗಿ ತೀರಿಹೋದಂತೆ ಅರಿವೂ ತೀರಿಹೋಗುವುದು.

ಪಾಠಶಾಲೆಗಳಲ್ಲಿ ಇದಕ್ಕೆ ಸಮನಾದ ಅನುಭವವುಂಟು. ವೇದಗ್ರಂಥವು ಅಚ್ಚಾಗಿ ಕಪಾಟಿನಲ್ಲಿ ಭದ್ರವಾಗಿರಬಹುದು. ಸ್ವರವಾದರೋ ಗುರುಮುಖದಿಂದಲೇ ಬರಬೇಕು. ಅಧ್ಯಾಪಕರ ಪರಂಪರೆಯು ಕಡಿದರೆ ಗ್ರಂಥವಿದ್ದೂ ಪಾಠವಿಲ್ಲದಂತಾಗುವುದು. ವಿಮಾನದ ಸಂಗತಿಯೂ ಹೀಗೆಯೇ. ಎಂಜಿನಿನ ಯಾವ ಸದ್ದು ಕುಶಲದ್ದು, ಯಾವುದು ಕೇಡಿನದು, ಎದುರುಗಾಳಿಯಲ್ಲಿ ನೆಲ ಮುಟ್ಟುವಾಗ ಕೈ ಎಷ್ಟು ಸಡಿಲಬೇಕು ಎಂಬುದನ್ನು ನಿಂತ ಯಂತ್ರವು ಹೇಳಲಾರದು. ವೃದ್ಧ ವಿಮಾನಿಗಳ ಸಂಘಕ್ಕೆ ಬೆಲೆ ಬರುವುದು ಇಲ್ಲಿಯೇ. ರೂಪವನ್ನು ಯಾವ ಕಾವಲುಗಾರನಾದರೂ ಕಾಯಬಲ್ಲನು. ವಿದ್ಯೆಯನ್ನು ಬಲ್ಲವನೇ ಕೊಡಬೇಕು.

ಹೀಗಿದ್ದರೆ ವಿಮಾನವನ್ನು ಹಾರಿಸಿಯೇ ಕಾಪಾಡಬೇಕಲ್ಲವೇ ಎಂಬ ಪ್ರಶ್ನೆಯು ಏಳುತ್ತದೆ. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಲಾಯ್ಡ್ ನೋಲೆನ್ ಎಂಬವರೂ ಅವರ ಗೆಳೆಯರೂ 1957ರಲ್ಲಿ ಒಂದು ಹಳೆಯ ಮಸ್ಟ್ಯಾಂಗ್ ವಿಮಾನವನ್ನು ಕೊಂಡು ಈ ಮಾರ್ಗವನ್ನೇ ಹಿಡಿದರು. ಅವರ ಮಂಡಲಿಯು 1961ರಲ್ಲಿ ಸಂಘವಾಗಿ, ಮುಂದೆ ಸ್ಮಾರಕ ವಾಯುಪಡೆಯೆಂಬ ಅರ್ಥದ ಹೆಸರನ್ನು ಪಡೆದು, ಯುದ್ಧಕಾಲದ ಅನೇಕ ವಿಮಾನಗಳನ್ನು ಆಕಾಶದಲ್ಲಿ ಉಳಿಸಿತು. ಆದರೆ 2022ರ ನವೆಂಬರ್ 12ರಂದು ಡಲ್ಲಾಸ್ ನಗರದ ಪ್ರದರ್ಶನದಲ್ಲಿ ಆ ಸಂಘದ ಎರಡು ವಿಮಾನಗಳು ಗಗನದಲ್ಲಿ ಡಿಕ್ಕಿಯಾಗಿ, ಅವುಗಳಲ್ಲಿದ್ದ ಆರು ಜನರೂ ಮಡಿದರು. ರಕ್ಷಿಸಬೇಕೆಂದಿದ್ದ ಯಂತ್ರಗಳೂ ಹೋದವು. ಅವುಗಳ ವಿದ್ಯೆಯನ್ನು ಬಲ್ಲವರೂ ಹೋದರು.

ಇಲ್ಲಿ ಧರ್ಮದ ನಿರ್ಣಯವು ಸುಲಭವಲ್ಲ. ಬಲ್ಲವನು ತಿಳಿದು ತನ್ನ ಪ್ರಾಣವನ್ನು ಒಡ್ಡಿದರೆ ಅದು ಅವನ ಸ್ವಾತಂತ್ರ್ಯವೆನ್ನಬಹುದು. ಕೆಳಗೆ ನಿಂತು ನೋಡುವ ಜನರಾದರೋ ಆ ವ್ರತವನ್ನು ಸ್ವೀಕರಿಸಿದವರಲ್ಲ. ಪಾಠ ಹೇಳುವುದಕ್ಕೆ ಶಿಷ್ಯನು ಬೇಕು, ಜನಜಂಗುಳಿಯು ಬೇಕಿಲ್ಲ. ಆದುದರಿಂದ ಹಾರಾಟವು ವಿದ್ಯೆಯನ್ನು ಕೊಡುವುದಕ್ಕಾಗಿ ನಡೆದಾಗ ಧರ್ಮವು. ಚಪ್ಪಾಳೆಗಾಗಿ ನಡೆದಾಗ ಅದು ವಿದ್ಯೆಯ ಹೆಸರಿನಲ್ಲಿ ನಡೆದ ಜೂಜು. ಲೋಕದಲ್ಲಿ ಒಂದೆರಡೇ ಉಳಿದಿರುವ ವಿಮಾನವನ್ನು ನೆಲದ ಮೇಲೆಯೇ ಇರಿಸುವುದು ಮೇಲು; ಹಲವು ಉಳಿದಿದ್ದರೆ ಒಂದನ್ನು ಮಿತವಾಗಿ ಹಾರಿಸಬಹುದು.

ಇನ್ನೊಂದು ನಿಯಮವು ಸತ್ಯಕ್ಕೆ ಸಂಬಂಧಿಸಿದುದು. 1947ರ ಅಕ್ಟೋಬರ್ 27ರಂದು ಸಿಖ್ ಪಟಾಲಮಿನ ಸೈನಿಕರನ್ನು ಹೊತ್ತು ಮೊದಲು ಶ್ರೀನಗರದಲ್ಲಿ ಇಳಿದ ಡಕೋಟಾ ವಿಮಾನದ ಸಂಖ್ಯೆಯು ವಿ.ಪಿ. 905. ಆಗ ಕರ್ನಾಟಕದಿಂದ ರಾಜ್ಯಸಭೆಯ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರರು, ಡಕೋಟಾಗಳನ್ನು ನಡೆಸಿದ್ದ ತಮ್ಮ ತಂದೆಯವರ ಗೌರವಾರ್ಥವಾಗಿ, ಗುಜರಿಯಲ್ಲಿದ್ದ ಒಂದು ಡಕೋಟಾವನ್ನು ಬ್ರಿಟನ್ನಿನಲ್ಲಿ ಸರಿಪಡಿಸಿ 2018ರಲ್ಲಿ ವಾಯುಸೇನೆಗೆ ಅರ್ಪಿಸಿದರು. ಪರಶುರಾಮ ಎಂಬ ನಾಮವನ್ನೂ ಅದೇ ಹಳೆಯ ಸಂಖ್ಯೆಯನ್ನೂ ಅದಕ್ಕೆ ಇಟ್ಟರು. ಇದು ಶ್ರೀನಗರದಲ್ಲಿ ಇಳಿದ ದೇಹವಲ್ಲ. ಹಾಗೆಂದು ಇದು ವಂಚನೆಯೇ? ಅಲ್ಲ. ಜೀರ್ಣೋದ್ಧಾರದಲ್ಲಿ ಹಳೆಯ ಕಲ್ಲನ್ನು ತೆಗೆದು ಹೊಸ ಕಲ್ಲನ್ನು ಇಟ್ಟರೂ ಸ್ಥಾನದ ಮಹಿಮೆಯು ಹೋಗುವುದಿಲ್ಲ. ಆದರೆ ಹೊಸ ಕಲ್ಲನ್ನು ಹಳೆಯದೆಂದು ಹೇಳಿದರೆ ಮಹಿಮೆಯೂ ಹೋಗುವುದು, ಮಾತಿನ ಬೆಲೆಯೂ ಹೋಗುವುದು. ಈ ವಿಮಾನವು ಆ ವಿಮಾನದ ಪ್ರತಿನಿಧಿಯೆಂದು ಸ್ಪಷ್ಟವಾಗಿ ಹೇಳಿದಲ್ಲಿ ನಮಸ್ಕಾರಕ್ಕೆ ಯಾವ ದೋಷವೂ ಇಲ್ಲ.

ಪೂರ್ವಪಕ್ಷದವರು ಕೇಳಿದ ದ್ರವ್ಯದ ಪ್ರಶ್ನೆಗೆ ಉತ್ತರವು ಇಷ್ಟರಿಂದಲೇ ದೊರೆಯುತ್ತದೆ. ರಕ್ಷಿಸಬೇಕಾದುದರಲ್ಲಿ ಮುಖ್ಯವು ವಿದ್ಯೆ ಮತ್ತು ಸತ್ಯವಾದರೆ, ಅದರ ಮೊದಲ ಹೆಜ್ಜೆಗೆ ಬೇಕಾಗುವುದು ಲೇಖನಿ, ಕಾಗದ ಮತ್ತು ಕೇಳುವ ಕಿವಿ. ಬೀದರದ ವಾಯುಸೇನಾ ಕೇಂದ್ರವು ದಶಕಗಳಿಂದ ವಿಮಾನಿಗಳಿಗೆ ವಿದ್ಯಾಸ್ಥಾನವಾಗಿದೆ. ಸೂರ್ಯಕಿರಣ ದಳವು 1996ರಲ್ಲಿ ಅಲ್ಲಿಯೇ ಹುಟ್ಟಿತು. ಅದು ಮೊದಲು ನಡೆಸಿದ ಕಿರಣ್ ವಿಮಾನಗಳು ಬೆಂಗಳೂರಿನಲ್ಲಿ ತಯಾರಾದವು. 2019ರಲ್ಲಿ ಕಲಬುರ್ಗಿಗೂ ವಿಮಾನ ನಿಲ್ದಾಣವು ಬಂದಿತು. ವಾಯುಸೇನೆಯಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು ಈ ಸೀಮೆಯಲ್ಲಿ ಎಲ್ಲಿಯೇ ಇರಲಿ, ವಿಮಾನ ನಡೆಸಿದವರಾಗಲಿ ಎಣ್ಣೆ ಹಾಕಿ ಮೊಳೆ ಬಿಗಿದವರಾಗಲಿ, ಅವರ ಬಳಿ ಕುಳಿತು ಕೇಳಿ ಬರೆದಿಡುವುದು ಶಾಲೆಗಳೂ ಸಾಹಿತ್ಯ ಸಂಘಗಳೂ ಮಾಡಬಹುದಾದ ಕೆಲಸ. ಯಂತ್ರವು ಇನ್ನೂ ನೂರು ವರ್ಷ ಕಾಯಬಲ್ಲದು. ಬಲ್ಲವರ ಆಯುಸ್ಸು ಅಷ್ಟು ಕಾಯುವುದಿಲ್ಲ.