ಇಂದಿನ ಧಮ್ಮ ಚಿಂತನೆ: ದಾರಿಯಲ್ಲಿ ಹೋದ ಚೀವರ ಯಾರದು?

ಹೋದ ವಾರ ನಮ್ಮ ಬಳಗದ ತಂಗಿಯೊಬ್ಬಳು ಕೇಳಿದ ಪ್ರಶ್ನೆಗೆ ಇಂದು ಬರೆಯುತ್ತಿದ್ದೇನೆ. ಇವಳು ಅಂಕೋಲೆಯವಳು. ಪರೀಕ್ಷೆಗೆಂದು ಓದಿ ಮುಗಿಸಿದ ಪುಸ್ತಕಗಳ ಫೋಟೊವನ್ನು ಮೊಬೈಲಿನಲ್ಲಿ ಹಾಕಿ, ರಾಯಚೂರಿನ ಒಬ್ಬರಿಗೆ 1,800 ರೂಪಾಯಿಗೆ ಮಾರಿದಳು. ಹಣ ಮೊದಲೇ ಬಂತು. ಕಾರವಾರಕ್ಕೆ ಕೆಲಸವಿದ್ದಾಗ ಅಲ್ಲೇ ಕೊರಿಯರ್‌ಗೆ ಕೊಟ್ಟು ಬಂದಳು. ಇಪ್ಪತ್ತು ದಿನವಾದರೂ ಪಾರ್ಸೆಲ್ ಮುಟ್ಟಿಲ್ಲ. "ರಸೀದಿ ನನ್ನ ಹತ್ರ ಇದೆ ಅಣ್ಣಾ, ನನ್ನ ಜವಾಬ್ದಾರಿ ಮುಗೀತಲ್ಲ?" ಎಂದು ಇವಳ ಪ್ರಶ್ನೆ. ಪುಸ್ತಕದ ಮುಖವನ್ನೇ ನೋಡದೆ ನಾನೇಕೆ ಹಣ ಕಳೆದುಕೊಳ್ಳಲಿ ಎಂದು ಆ ಕಡೆಯವರ ಪ್ರಶ್ನೆ. ಇಬ್ಬರೂ ನಮ್ಮಂಥವರೇ, ಇಬ್ಬರಿಗೂ 1,800 ರೂಪಾಯಿ ಸಣ್ಣದಲ್ಲ.

ವಿನಯ ಪಿಟಕದ ಮಹಾವಗ್ಗದಲ್ಲಿ ಚೀವರಗಳ ಬಗ್ಗೆ ಒಂದು ಅಧ್ಯಾಯವಿದೆ. ಅಲ್ಲಿ ಇದೇ ಜಗಳ ಇದೆ ಎಂದರೆ ನಂಬುತ್ತೀರಾ? ರೇವತ ಥೇರರು ಸಾರಿಪುತ್ತ ಥೇರರಿಗೆಂದು ಒಬ್ಬ ಭಿಕ್ಖುವಿನ ಕೈಯಲ್ಲಿ ಒಂದು ಚೀವರ ಕಳಿಸಿದರು. ಆ ಭಿಕ್ಖು ದಾರಿಯಲ್ಲೇ ಅದನ್ನು ತಾನು ಇಟ್ಟುಕೊಂಡ. ರೇವತರು ನನ್ನವರೇ, ಬೇಡ ಎನ್ನುವುದಿಲ್ಲ ಎಂಬ ಸಲಿಗೆಯಿಂದ. ಕೆಲವು ಕಾಲದ ಮೇಲೆ ರೇವತರು ಸಾರಿಪುತ್ತರನ್ನು ಕಂಡಾಗ, ಚೀವರ ಬಂದು ಮುಟ್ಟಿತೇ ಎಂದು ವಿಚಾರಿಸಿದರು. ನಾನು ನೋಡಿಯೇ ಇಲ್ಲ ಎಂದರು ಸಾರಿಪುತ್ತರು. ಆಮೇಲೆ ರೇವತರು ಒಯ್ದವನನ್ನು ಕೇಳಿದರು. ಅವನು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ವಿಷಯ ಭಗವಾನರ ಮುಂದೆ ಬಂತು.

ಭಗವಾನರು ತೀರ್ಮಾನ ಮಾಡಿದ್ದು ಕಳಿಸುವಾಗ ಆಡಿದ ಮಾತಿನ ಮೇಲೆ. ಇದನ್ನು ಇಂಥವರಿಗೆ ಕೊಡು ಎಂದು ಹೇಳಿ ಕಳಿಸಿದ್ದರೆ, ದಾರಿಯುದ್ದಕ್ಕೂ ಅದು ಕಳಿಸಿದವರದೇ. ಇದನ್ನು ಇಂಥವರಿಗೆ ನಾನು ಕೊಟ್ಟೆ ಎಂದು ಹೇಳಿ ಕಳಿಸಿದ್ದರೆ, ಕೈ ಬಿಟ್ಟ ಕ್ಷಣದಿಂದಲೇ ಅದು ಪಡೆಯುವವರದು. ಪಾಲಿಯಲ್ಲಿ ಒಂದೇ ಪದದ ವ್ಯತ್ಯಾಸ: ದೇಹಿ, ದಮ್ಮಿ. ಎರಡನೆಯ ಶೀಲ ಹೇಳುವ 'ಕೊಡದೇ ಇದ್ದದ್ದು' ಯಾವುದು ಎಂದು ತಿಳಿಯಬೇಕಾದರೆ ಮೊದಲು ಅದು ಯಾರದು ಎಂದು ತಿಳಿಯಬೇಕಲ್ಲ.

ಇದು ದಾನದ ಮಾತು, ಮಾರಾಟದ್ದಲ್ಲ. ಭಿಕ್ಖುಗಳಿಗೆ ಹೇಳಿದ್ದು, ಉಪಾಸಕರಿಗಲ್ಲ ಎಂದು ನಮ್ಮಲ್ಲೇ ಕೆಲವರು ಹೇಳುತ್ತಾರೆ. ಸರಿ, ಹಾಗಾದರೆ ನೆಲದ ಕಾನೂನು ನೋಡೋಣ. 1930ರ ಸರಕು ಮಾರಾಟ ಕಾಯ್ದೆಯ 39ನೇ ಕಲಂ ಪ್ರಕಾರ, ಕಳಿಸಲು ಒಪ್ಪಿಕೊಂಡ ಮಾರಾಟಗಾರ ಸಾಗಿಸುವವರ ಕೈಗೆ ಸರಕು ಕೊಟ್ಟರೆ ಮೇಲ್ನೋಟಕ್ಕೆ ಕೊಂಡವನಿಗೇ ಕೊಟ್ಟಂತೆ. ತಂಗಿಗೆ ಇಷ್ಟೇ ಸಾಕಾಗಿತ್ತು. ಆದರೆ ಅದೇ ಕಲಮಿನಲ್ಲಿ ಮುಂದೆ ಇದೆ: ಸರಕಿನ ಸ್ವರೂಪಕ್ಕೆ ತಕ್ಕ ಸಾಗಣೆಯ ವ್ಯವಸ್ಥೆ ಮಾಡದೆ ಕಳಿಸಿ, ದಾರಿಯಲ್ಲಿ ಕಳೆದುಹೋದರೆ, ಮುಟ್ಟಿದ ಲೆಕ್ಕಕ್ಕೆ ಹಿಡಿಯಲು ಕೊಂಡವನು ಒಪ್ಪಬೇಕಿಲ್ಲ. 26ನೇ ಕಲಮಿನಲ್ಲಿ ಇನ್ನೊಂದು ಮಾತು: ನಷ್ಟದ ಹೊಣೆ ಒಡೆತನದ ಜೊತೆ ಹೋಗುತ್ತದೆ, ಇಬ್ಬರೂ ಬೇರೆ ಒಪ್ಪಂದ ಮಾಡಿಕೊಂಡಿದ್ದರೆ ಅದರಂತೆ. ಅಂದರೆ ಕಾನೂನೂ ಕೊನೆಗೆ ಕೇಳುವುದು, ನೀವಿಬ್ಬರೂ ಏನು ಮಾತಾಡಿಕೊಂಡಿದ್ದಿರಿ ಎಂದೇ.

ತಂಗಿಯ ಮೆಸೇಜು ತೆಗೆಸಿ ಓದಿದೆ. "ನಿಮ್ಮ ಕೈಗೆ ಮುಟ್ಟಿಸುವುದು ನನ್ನ ಜವಾಬ್ದಾರಿ ಸರ್" ಎಂದು ಅವಳೇ ಬರೆದಿದ್ದಾಳೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟು: ಪುಸ್ತಕಗಳು ದಾರಿಯಲ್ಲಿ ಇವಳವೇ ಆಗಿದ್ದವು, ಹಣ ಹಿಂದಿರುಗಿಸಬೇಕು. ಒಮ್ಮೆಗೇ ಆಗದಿದ್ದರೆ ಎರಡು ಕಂತಿನಲ್ಲಿ. ಕೊರಿಯರ್‌ನವರ ಬಳಿ ಪರಿಹಾರ ಕೇಳುವ ಹಕ್ಕು ಇವಳದು, ರಸೀದಿ ಬೇಕಾಗುವುದು ಅಲ್ಲಿಗೆ. ದಾನದ ಡಬ್ಬಿಯಿಂದ ಕೊಟ್ಟುಬಿಡೋಣ ಎಂದು ಹಿರಿಯರೊಬ್ಬರು ಹೇಳಿದರು. ಅವರ ಕರುಣೆ ದೊಡ್ಡದು, ನನಗೆ ಒಪ್ಪಿಗೆಯಾಗಲಿಲ್ಲ. ಬೇಕಾದರೆ ಕೈಗಡ ಕೊಡೋಣ.

ಬಾಬಾಸಾಹೇಬರಿಗೂ ಇಂಥ ನಷ್ಟವಾಗಿತ್ತು. 1917ರಲ್ಲಿ ಅವರು ಲಂಡನ್ನಿನಿಂದ ಮರಳುವಾಗ ಸಾಮಾನು, ಪುಸ್ತಕಗಳು ಬೇರೆ ಹಡಗಿನಲ್ಲಿದ್ದವು. ಯುದ್ಧಕಾಲ. ಟಾರ್ಪಿಡೊ ತಗುಲಿ ಆ ಹಡಗು ಮುಳುಗಿತು. ಥಾಮಸ್ ಕುಕ್ ಕಂಪನಿಯಿಂದ ಬಂದ ಪರಿಹಾರದ ಹಣವೇ ಬರೋಡಾದ ನೌಕರಿಗೆ ಹೊರಡಲು ಅವರಿಗೆ ದಾರಿಖರ್ಚಾಯಿತು. ಪುಸ್ತಕದ ಬೆಲೆ ಅವರಿಗಿಂತ ಹೆಚ್ಚು ಯಾರಿಗೆ ಗೊತ್ತಿತ್ತು? ಆದರೂ ಪರಿಹಾರ ಕೇಳುವುದಕ್ಕೆ ಅವರಿಗೊಂದು ವಿಳಾಸವಿತ್ತು. ನಾವು ಮೊಬೈಲಿನಲ್ಲಿ ಕೊಡುಕೊಳ್ಳುವಾಗ ಆ ವಿಳಾಸವನ್ನೇ ಮರೆಯುತ್ತೇವೆ. ಬೆಲೆಯುಳ್ಳ ವಸ್ತುವಾದರೆ ಬೆಲೆ ನಮೂದಿಸಿ, ವಿಮೆ ಮಾಡಿಸಿ, ಅದರ ಖರ್ಚು ಯಾರದೆಂದು ಮೊದಲೇ ಬರೆದುಕೊಳ್ಳಿ.

ನನ್ನನ್ನು ನಿಜವಾಗಿ ಕಾಡುತ್ತಿರುವುದು ಹಣದ ವಿಷಯವಲ್ಲ. ರೇವತರು ಮೊದಲು ಕೇಳಿದ್ದು ಪಡೆಯಬೇಕಾದವರನ್ನು, ಆಮೇಲೆ ಒಯ್ದವನನ್ನು. ಕೇಳಿದರು, ದೂರಲಿಲ್ಲ. ಈಚೆಗೆ ನಮ್ಮ ಕಡೆಯ ಒಂದು ಮಾರಾಟದ ಗುಂಪಿನಲ್ಲಿ ಪಾರ್ಸೆಲ್ ಕಾಣೆಯಾದ ಸಂಜೆಯೇ ಡೆಲಿವರಿ ಹುಡುಗನ ಫೋಟೊ ಬಂತು. ಅವನು ಯಾವ ಕೇರಿಯವನು ಎಂದು ಕೆಳಗೆ ಒಬ್ಬರು ಬರೆದರು. ಅಷ್ಟು ಬರೆದ ಮೇಲೆ ಬೇರೆ ಸಾಕ್ಷಿ ಯಾರಿಗೂ ಬೇಕಾಗಲಿಲ್ಲ. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಜೈ ಭೀಮ್ ಎನ್ನುವವರೂ ಇದ್ದರು. ಕಳ್ಳತನ ಮಾಡುವುದಿಲ್ಲ ಎಂಬ ಪ್ರತಿಜ್ಞೆ 22ರಲ್ಲಿ ಒಂದಾದರೆ, ಸುಳ್ಳು ಹೇಳುವುದಿಲ್ಲ ಎಂಬುದೂ ಒಂದು. ಆ ಪಾರ್ಸೆಲ್ ಇಂದಿಗೂ ಸಿಕ್ಕಿಲ್ಲ. ಹುಡುಗ ಕೆಲಸ ಬಿಟ್ಟು ಗೋವಾಕ್ಕೆ ಹೋದ.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಮರದ ದಿಮ್ಮಿ ಹೇರಿದ್ದ ಲಾರಿ ಗಂಗಾವಳಿ ಪಾಲಾಯಿತು. ಆಗ ನಾವೆಲ್ಲ ಕೇಳುತ್ತಿದ್ದುದು ಚಾಲಕ ಎಲ್ಲಿ ಎಂದು. ಸೆಪ್ಟೆಂಬರ್ 25ರಂದು ಲಾರಿ ಮೇಲೆ ಬರುವ ತನಕ ಕೇಳುತ್ತಲೇ ಇದ್ದೆವು.

ಪಾರ್ಸೆಲ್ ಕಳೆದರೆ ಕೊರಿಯರ್ ಕಚೇರಿಗೆ ಬರೆದು ಕೊಡಿ, ಸ್ಪಂದಿಸದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ. ಹಣ ಪಡೆದವರೇ ಮೋಸ ಮಾಡಿದ್ದರೆ 1930ಕ್ಕೆ. ಯಾರದೇ ಫೋಟೊ ಈ ಗುಂಪಿಗೆ ಹಾಕಬೇಡಿ. ಭಾನುವಾರ ವಂದನೆಯ ನಂತರ ಮಹಾವಗ್ಗದ ಇದೇ ಭಾಗವನ್ನು ಓದೋಣ. ತಂಗಿಯೂ ಬರುತ್ತಾಳೆ.

ನಮೋ ಬುದ್ಧಾಯ. ಜೈ ಭೀಮ್.