ಖಬರ್ ಮತ್ತು ಖಬರ್‌ಗೀರಿ

2025ರ ಜುಲೈ ಮೊದಲ ವಾರ. ಮೂಡಿಗೆರೆಯಲ್ಲಿ ಬಿಡದೆ ಮಳೆ. ಡಿಶ್ಶಿನ ಸಿಗ್ನಲ್ ಹೋಗಿ ಬಂದು ಮಾಡುತ್ತಿದ್ದರೂ ನಮ್ಮ ಪಕ್ಕದ ಮನೆಯ ಟಿ.ವಿ. ಆರುತ್ತಿರಲಿಲ್ಲ. ಬೇಲೂರು ದಾಟಿದರೆ ಸಿಗುವ ಹಾಸನದಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂಬುದೇ ದಿನವಿಡೀ ಸುದ್ದಿ. ಸತ್ತವರಲ್ಲಿ ಹರೆಯದವರೂ ಇದ್ದರು. ಪ್ರತಿ ಸಾವಿಗೂ ಒಂದು ಸಂಖ್ಯೆ. ತೋಟವೊಂದರಲ್ಲಿ ಜೀಪು ಓಡಿಸುವ ಆ ಮನೆಯ ಯಜಮಾನರಿಗೆ ಮೂವತ್ತೆಂಟರ ಪ್ರಾಯ. ಒಂದು ರಾತ್ರಿ ನಮ್ಮ ಬಾಗಿಲು ತಟ್ಟಿದರು.

"ಭಾಯ್‌ಸಾಬ್, ಎಡಗೈ ಜೋಮು ಹಿಡಿದ ಹಾಗಾಗ್ತಿದೆ. ನನ್ನ ನಂಬರೂ ಬಂತೇನೋ."

ಮರುದಿನವೇ ಬಸ್ಸು ಹತ್ತಿ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋದರು. ಅಲ್ಲಿ ಇವರಂತೆಯೇ ಹೆದರಿ ಬಂದವರ ದೊಡ್ಡ ಸಾಲು. ಇ.ಸಿ.ಜಿ. ಸರಿಯಾಗಿತ್ತು. ಎರಡು ದಿನದ ಸಂಬಳ, ಬಸ್ಸಿನ ಖರ್ಚು ಹೋಯಿತು. ಮೂರನೆಯ ಸಂಜೆ ಮತ್ತೆ ಅದೇ ಟಿ.ವಿ. ಎದುರು ಕೂತಿದ್ದರು.

ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಆ ವಾರ ನಾನೂ ನಡುರಾತ್ರಿ ಎದ್ದು ಕೂತು ನಾಡಿ ಹಿಡಿದು ಎಣಿಸಿದ್ದೇನೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ 46ರ ವಯಸ್ಸಿನಲ್ಲಿ ತೀರಿಕೊಂಡಾಗಲೂ ಹೃದಯದ ಆಸ್ಪತ್ರೆಗಳು ಹೀಗೆಯೇ ತುಂಬಿದ್ದವು.

ಕಷ್ಟ ಬಂದಾಗ ಮನುಷ್ಯ ಅದನ್ನು ನಿಭಾಯಿಸುವ ಬಗೆಗಳ ಕುರಿತು ರಿಚರ್ಡ್ ಲಾಜರಸ್ ಮತ್ತು ಸುಸಾನ್ ಫೋಕ್‌ಮನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1984ರಲ್ಲಿ ಒಂದು ಪುಸ್ತಕ ಬರೆದರು. ಒಂದೋ ಕಷ್ಟದ ಮೂಲಕ್ಕೇ ಕೈ ಹಾಕುತ್ತೇವೆ, ಇಲ್ಲವೇ ಅದರಿಂದ ಎದ್ದ ತಳಮಳವನ್ನು ಸಂತೈಸಿಕೊಳ್ಳುತ್ತೇವೆ. ಸುದ್ದಿ ನೋಡುತ್ತಾ ಕೂತವನಿಗೆ ತಾನು ಮೊದಲನೆಯದನ್ನು ಮಾಡುತ್ತಿದ್ದೇನೆಂಬ ಭ್ರಮೆ. ನಿಜವಾಗಿ ಎರಡೂ ನಡೆದಿರುವುದಿಲ್ಲ. 2013ರಲ್ಲಿ ಬೋಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಸ್ಫೋಟವಾದ ಬಳಿಕ ಅಲಿಸನ್ ಹೋಲ್ಮನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಇನ್ನೂ ವಿಚಿತ್ರವಾದುದನ್ನು ಕಂಡಿತು. ಸ್ಫೋಟದ ಸ್ಥಳದಲ್ಲಿ ಅಥವಾ ಹತ್ತಿರದಲ್ಲಿ ಇದ್ದವರಿಗಿಂತ, ಮುಂದಿನ ಒಂದು ವಾರ ದಿನಕ್ಕೆ ಆರು ಗಂಟೆಗೂ ಮೇಲೆ ಅದರ ಸುದ್ದಿಗಳಲ್ಲಿ ಮುಳುಗಿದ್ದವರಲ್ಲಿ ತೀವ್ರ ಒತ್ತಡದ ಲಕ್ಷಣಗಳು ಹೆಚ್ಚಿದ್ದವು.

ಹಾಸನದ ಸಾವುಗಳ ಪರಿಶೀಲನೆಗೆ ಸರಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ರಚಿಸಿತು. ಅದೇ ಜುಲೈನಲ್ಲಿ ವರದಿ ಬಂತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಆದರೆ ಹೃದಯದ ಕಾಯಿಲೆಯಿಂದಾಗುವ ಸಾವುಗಳು ಅಲ್ಲಿ ಅಸಹಜವಾಗಿ ಏರಿಲ್ಲ ಎಂದಿತು. ಸಾವುಗಳು ಸುಳ್ಳಲ್ಲ, ಆ ಮನೆಗಳ ದುಃಖ ಸುಳ್ಳಲ್ಲ. ಪ್ರತಿದಿನ ಎಲ್ಲೆಡೆ ಆಗುತ್ತಿದ್ದುದನ್ನು ಒಂದೇ ಕಡೆ ಎಣಿಸಿದ್ದರಿಂದ ಅದು ಮಾರಿಯಂತೆ ಕಂಡಿತು. ಎಣಿಕೆ ಕೇಳಿಸಿದ ಗಂಟಲಲ್ಲಿ ವರದಿ ಕೇಳಿಸಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದಾಗ ನನ್ನ ಬೇಗಂ ಕೇಳಿದಳು: "ಹೆದರಿಯಾದರೂ ಜನ ಡಾಕ್ಟರ ಹತ್ತಿರ ಹೋದರಲ್ಲ? ಎಷ್ಟು ಜನರ ಬಿ.ಪಿ., ಶುಗರ್ ಆ ನೆಪದಲ್ಲಿ ಗೊತ್ತಾಗಿರಬಹುದು. ಕೆಟ್ಟದ್ದೇನಾಯಿತು?"

ಸುಲಭದಲ್ಲಿ ತಳ್ಳಿಹಾಕುವ ಪ್ರಶ್ನೆಯಲ್ಲ ಇದು. ಉತ್ಪ್ರೇಕ್ಷೆಯ ಭಯದಿಂದ ಒಂದು ಜೀವ ಉಳಿದರೆ ಆ ಉತ್ಪ್ರೇಕ್ಷೆ ಕ್ಷಮ್ಯವೇ? ಕೆಲವು ದಿನ ಉತ್ತರ ಹೊಳೆಯಲಿಲ್ಲ. ಆಮೇಲೆ, ಕಳಸದ ಕಡೆ ನಮ್ಮ ಬಂಧುಗಳಿರುವ ತೋಟದ ಲೈನ್ ಮನೆಯ ಅಜ್ಜಿಯೊಬ್ಬರು ನೆನಪಾದರು. ಏರು ಹತ್ತುವಾಗ ನಾಲ್ಕು ಹೆಜ್ಜೆಗೆ ನಿಂತು ಏದುಸಿರು ಬಿಡುವವರು. ಅವರೂ ಟಿ.ವಿ. ನೋಡಿದ್ದರು, ಅವರೂ ಹೆದರಿದ್ದರು. ಆದರೆ ಹೋಗಿರಲಿಲ್ಲ. ಕಳಸದಲ್ಲಿ ಎದೆನೋವು ಬಂದವರು ಒಂದೋ ಘಾಟಿ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು, ಇಲ್ಲ ಚಿಕ್ಕಮಗಳೂರಿಗೆ. ಮಳೆಗಾಲದಲ್ಲಿ ಮರ ಬಿದ್ದರೆ ಅದೂ ಇಲ್ಲ. ಭಯ ಎಲ್ಲರಿಗೂ ಹಂಚಿಹೋಗುತ್ತದೆ. ಬಸ್ಸಿನ ದುಡ್ಡು, ರಜೆ, ಜೊತೆಗೆ ಬರುವ ಮಗ ಹಂಚಿಹೋಗುವುದಿಲ್ಲ. ಆ ಭಯ ಗಟ್ಟಿ ಹೃದಯದವರನ್ನು ಮೈಸೂರಿಗೆ ಓಡಿಸಿ, ಸೋತ ಹೃದಯದವರನ್ನು ಅಲ್ಲೇ ಕೂರಿಸಿತು.

ನನ್ನ ಅಮ್ಮೀಜಾನ್ ಓದಿದವರಲ್ಲ. ಕೇರಿಯಲ್ಲಿ ಯಾರಾದರೂ ಮಲಗಿದ್ದಾರೆಂದು ತಿಳಿದರೆ "ಜಾಕೋ ಖಬರ್ ಲೇಕೋ ಆ" ಎನ್ನುತ್ತಿದ್ದರು. ಸುದ್ದಿ ತಿಳಿದುಕೊಂಡು ಬಾ ಎಂದಷ್ಟೇ ಅದರ ಅರ್ಥವಲ್ಲ. ಕೈಯಲ್ಲಿ ಗಂಜಿಯ ಪಾತ್ರೆಯೂ ಇರುತ್ತಿತ್ತು. ಉರ್ದುವಿನಲ್ಲಿ ಖಬರ್‌ಗೀರಿ ಎಂದರೆ ಆರೈಕೆ. ಕನ್ನಡದಲ್ಲೂ ಹಾಗೆಯೇ, ಬಂದವರನ್ನು ಚೆನ್ನಾಗಿ ವಿಚಾರಿಸಿಕೊಂಡರು ಎಂದರೆ ಬರೀ ಪ್ರಶ್ನೆ ಕೇಳಿದರು ಎಂದಲ್ಲ, ಊಟ ಉಪಚಾರ ಮಾಡಿದರು ಎಂದು. ಈ ಎರಡೂ ಭಾಷೆಗಳಲ್ಲಿ ತಿಳಿಯುವುದಕ್ಕೂ ನೋಡಿಕೊಳ್ಳುವುದಕ್ಕೂ ನಡುವೆ ಬೇಲಿಯಿರಲಿಲ್ಲ. ನಮ್ಮೂರಲ್ಲಿ ಸಾವಿನ ಸುದ್ದಿ ಬಂದರೆ ಅದರ ಬೆನ್ನಿಗೇ ಕೆಲಸ ಬರುತ್ತಿತ್ತು: ಗುಂಡಿ ತೋಡಬೇಕು, ಆ ಮನೆಗೆ ಅಡಿಗೆ ಮಾಡಿ ಕಳಿಸಬೇಕು. ಹೆದರಲು ಪುರುಸೊತ್ತಿರಲಿಲ್ಲ. ಹಾಸನದ ಇಪ್ಪತ್ತು ಸಾವುಗಳ ಬೆನ್ನಿಗೆ ನಮಗೆ ಯಾವ ಕೆಲಸವೂ ಬರಲಿಲ್ಲ. ಹೋಗಲು ಜಾಗವಿಲ್ಲದ ಮರುಕ ನಮ್ಮ ಎಡಗೈಯಲ್ಲೇ ಜೋಮಾಗಿ ಕೂತಿತೋ ಏನೋ. ವೈದ್ಯರು ಒಪ್ಪಲಿಕ್ಕಿಲ್ಲ, ಕತೆ ಬರೆಯುವವನ ಮಾತೆಂದು ಬಿಟ್ಟುಬಿಡಿ.

ಅಜ್ಜಿಯ ವಿಷಯವನ್ನು ಪಕ್ಕದ ಮನೆಯವರಿಗೆ ಹೇಳಿದೆ. ಭಾನುವಾರ ಸಾಹುಕಾರರನ್ನು ಕೇಳಿ ಜೀಪು ತಂದರು. ಕಳಸದಿಂದ ಚಿಕ್ಕಮಗಳೂರಿಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗಿತ್ತು. ಅಜ್ಜಿಯ ಬಿ.ಪಿ. ವಿಪರೀತ ಏರಿತ್ತು. ಮಾತ್ರೆ ಬರೆದುಕೊಟ್ಟು, ಉಪ್ಪು ಕಡಿಮೆ ಮಾಡಲು ಹೇಳಿ, ತಿಂಗಳು ಬಿಟ್ಟು ಬರಲು ಹೇಳಿದರು. ದಾರಿಯುದ್ದಕ್ಕೂ ಅಜ್ಜಿ ತನ್ನ ಕೋಳಿಗಳ ಬಗ್ಗೆ ಮಾತಾಡಿದರಂತೆ. ಎಡಗೈ ಹೇಗಿದೆ ಎಂದು ಕೇಳಿದ್ದಕ್ಕೆ ನಮ್ಮ ನೆರೆಯವರು ಒಂದು ಕ್ಷಣ ಕೈ ನೋಡಿಕೊಂಡರು.

"ಗೇರ್ ಹಾಕೋ ಕೈ ಅಲ್ವಾ ಭಾಯ್‌ಸಾಬ್, ಇವತ್ತು ನೆನಪೇ ಆಗಲಿಲ್ಲ."