ಕಾಲಡಿಯ ಮರದ ಋಣ

ಜೀವವಿದ್ದ ಮರವನ್ನು ಕಡಿದು, ಹಲಗೆ ಮಾಡಿ, ಮನೆಯ ನೆಲಕ್ಕೆ ಹಾಸಿ ಅದರ ಮೇಲೆ ನಡೆದಾಡುವುದು ಧರ್ಮವೇ? ನಮ್ಮ ಪರಂಪರೆಗಳು ಈ ಪ್ರಶ್ನೆಯನ್ನು ಹಗುರವಾಗಿ ಕಂಡಿಲ್ಲ. ಜೈನ ಶ್ರಾವಕರಿಗೆ ನಿಷಿದ್ಧವಾದ 15 ಕಸುಬುಗಳಲ್ಲಿ ಕಾಡು ಕಡಿದು ಬದುಕುವುದೂ ಒಂದು. ಬೌದ್ಧ ಭಿಕ್ಷುಗಳಿಗೆ ಗಿಡಮರ ಕಡಿಯುವುದು ವಿನಯನಿಯಮದ ಉಲ್ಲಂಘನೆ. ವಿಗ್ರಹಕ್ಕೆಂದು ಮರ ಕಡಿಯುವ ಮುನ್ನ ಅದರಲ್ಲಿ ನೆಲೆಸಿರುವ ಭೂತಗಳಿಗೆ ಬಲಿಯಿತ್ತು, ಬೇರೆಡೆಗೆ ತೆರಳುವಂತೆ ಬೇಡಿಕೊಳ್ಳಬೇಕೆಂದು ವರಾಹಮಿಹಿರನ ಬೃಹತ್ಸಂಹಿತೆ ವಿಧಿಸುತ್ತದೆ. ಆದರೆ ಇವೆಲ್ಲ ಕೊಡಲಿ ಬೀಳುವ ಮುಂಚಿನ ಮಾತು. ಬಿದ್ದ ಮೇಲೆ ನಮ್ಮ ಹೊಣೆಯೇನು ಎಂಬುದೇ ಮನೆಯೊಡೆಯನ ನಿಜವಾದ ಪ್ರಶ್ನೆ. ನನ್ನ ನಿಲುವು ಇಷ್ಟು: ಅಲ್ಲಿ ಒಂದು ಋಣ ಹುಟ್ಟುತ್ತದೆ, ಮತ್ತು ಅದು ತೀರುವುದು ಬಾಳಿಕೆಯಿಂದ. ನೆಡುತೋಪಿನ ತೇಗ ಬಲಿಯಲು ಐವತ್ತು, ಅರವತ್ತು ವರ್ಷ ಬೇಕು. ಕನಿಷ್ಠ ಅಷ್ಟು ಕಾಲ ಅದು ಮನೆಯಲ್ಲಿ ಬಾಳಬೇಕು.

ಸತ್ತ ಕಟ್ಟಿಗೆಗೆ ಎಂಥ ಋಣ ಎಂದು ಕೇಳಬಹುದು. ಗತಿಸಿದ ಹಿರಿಯರಿಗೆ ನಾವು ಶ್ರಾದ್ಧ ಮಾಡುತ್ತೇವೆ; ಪಡೆದವನ ಮೇಲೆ ಋಣವಿರಲು ಕೊಟ್ಟವನು ಬದುಕಿರಲೇಬೇಕೆಂದಿಲ್ಲ. ಅದಲ್ಲದೆ, ಕುಯ್ದ ಮರವೂ ಕಲ್ಲಿನಂತೆ ಸುಮ್ಮನಿರುವುದಿಲ್ಲ. ಮಳೆಗಾಲದ ತೇವವನ್ನು ಹೀರಿ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇದನ್ನು ಜೀವವೆಂದು ನಾನು ಕರೆಯಲಾರೆ. ಆದರೆ ಬಲ್ಲ ಬಡಗಿ ಇದಕ್ಕೆ ಮನ್ನಣೆ ಕೊಡುತ್ತಾನೆ. ಹಲಗೆಗಳನ್ನು ತಂದ ದಿನವೇ ಬಡಿಯದೆ, ಆ ಕೋಣೆಯ ಹವೆಗೆ ಒಗ್ಗುವ ತನಕ ಅಲ್ಲೇ ಗಾಳಿಯಾಡುವಂತೆ ಪೇರಿಸಿಡುತ್ತಾನೆ. ಕೆಳಗಿನ ಕಾಂಕ್ರೀಟು ಒಣಗಿದೆಯೇ ಎಂದು ಪರೀಕ್ಷಿಸುತ್ತಾನೆ. ಗೋಡೆಯುದ್ದಕ್ಕೂ ಸುಮಾರು 10 ಮಿಲಿಮೀಟರ್ ಸಂದು ಬಿಟ್ಟು, ಸ್ಕರ್ಟಿಂಗ್ ಪಟ್ಟಿಯಿಂದ ಮುಚ್ಚುತ್ತಾನೆ. ಆ ಸಂದಿಲ್ಲದಿದ್ದರೆ ಹಿಗ್ಗಿದ ಹಲಗೆಗಳು ಗೋಡೆಗೆ ಒತ್ತಿ ಉಬ್ಬಿ ಏಳುತ್ತವೆ. ಬಹಳಷ್ಟು ನೆಲಗಳು ಅಕಾಲದಲ್ಲಿ ಕೆಡುವುದು ಇಂಥ ಅವಸರದಿಂದಲೇ. ಕಡಿಯುವ ಮುಂಚಿನ ಪೂಜೆಯಲ್ಲಿ ಎಷ್ಟು ಧರ್ಮವಿದೆಯೋ ಈ ತಾಳ್ಮೆಯಲ್ಲೂ ಅಷ್ಟೇ ಇದೆ ಎಂದು ನಾನು ನಂಬುತ್ತೇನೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಮರವೇ ಬೇಡ, ಗ್ರಾನೈಟ್ ಹಾಸಿದರೆ ಪಾಪವೇ ಇಲ್ಲವಲ್ಲ! ಅಹಿಂಸೆಯನ್ನು ಕಟ್ಟುನಿಟ್ಟಾಗಿ ಪಾಲಿಸುವವರ ಈ ಮಾತಿಗೆ ತೂಕವಿದೆ. ಆದರೂ ಕಲ್ಲುಕ್ವಾರಿಗೆ ಹೋದ ಗುಡ್ಡ ಮತ್ತೆ ಹುಟ್ಟುವುದಿಲ್ಲ, ಟೈಲ್ಸ್ ಸುಡುವ ಭಟ್ಟಿ ಉರಿಯುವುದು ಇಂಧನದಿಂದ. ನೆಟ್ಟ ತೇಗವಾದರೋ ಮತ್ತೆ ಬೆಳೆಯುತ್ತದೆ, ಅದರ ಒಣತೂಕದ ಅರ್ಧದಷ್ಟಿರುವ ಇಂಗಾಲ ಹಲಗೆ ಕೆಡುವವರೆಗೂ ಅದರಲ್ಲೇ ಉಳಿಯುತ್ತದೆ. ಹಾನಿಯಿಲ್ಲದ ನೆಲ ಎಲ್ಲಿಯೂ ಇಲ್ಲ. ತೀರಿಸಬಲ್ಲ ಋಣದ ನೆಲವನ್ನು ಆರಿಸಿಕೊಳ್ಳಬಹುದು. ಆದರೆ ಸಹಜ ಕಾಡಿನ ಬೀಟೆಯನ್ನು ನೆಲಕ್ಕೆ ಹಾಸುವುದನ್ನು ಈ ವಾದ ಸಮರ್ಥಿಸುವುದಿಲ್ಲ.

ಅರವತ್ತು ವರ್ಷ ಒಂದೇ ಮನೆಯಲ್ಲಿ ಇರುವವರಾರು ಎಂದರೆ, ನೆಲ ಉಳಿಯಲು ಒಡೆಯ ಉಳಿಯಬೇಕಿಲ್ಲ. 18ರಿಂದ 20 ಮಿಲಿಮೀಟರ್ ದಪ್ಪದ ಇಡೀ ಮರದ ಹಲಗೆಯನ್ನು ಹಲವು ಸಲ ಉಜ್ಜಿ ಪಾಲಿಶ್ ಮಾಡಿ ಹೊಸದಾಗಿಸಬಹುದು. ಮೇಲೆ ತೆಳುವಾದ ಪದರವಷ್ಟೇ ಅಂಟಿಸಿದ ಹಲಗೆಗೆ ಆ ಭಾಗ್ಯವಿಲ್ಲ. ಹತ್ತು ವರ್ಷಕ್ಕೊಮ್ಮೆ ಮನೆಯ ಒಳಾಂಗಣ ಬದಲಿಸುವ ಮನಸ್ಸಿರುವವರು ದಯವಿಟ್ಟು ಹೊಸ ಮರ ಕಡಿಸಬೇಡಿ. ಕಳಚಿದ ಹಳೆ ಮನೆಗಳ ತೊಲೆ, ಹಲಗೆಗಳು ಮಾರಾಟಕ್ಕೆ ಸಿಗುತ್ತವೆ, ಮೊದಲು ಅವನ್ನು ಹುಡುಕಿ.